ಎಲ್ಲಿದ್ದೀರಿ? ಬೀದಿಗೆ ಬನ್ನಿ

ಎಲ್ಲಕ್ಕೂ ಕಾರಣ ಒಂದು ಚೌಕಳಿ ಶರ್ಟು.

ಹಲ್ಲುಜ್ಜುತ್ತ ಮೊಬೈಲು ನೋಡುವುದು ಭಾವನ ಅಭ್ಯಾಸ. ಅಂದು ಬೆಳಗ್ಗೆ ಬಚ್ಚಲಮನೆಯಿಂದಲೇ, ಬಾಯಿತುಂಬ ನೊರೆ ಇಟ್ಟುಕೊಂಡು, "ಇಲ್ನೋಡಯ್ಯ, ಇದು ನಿನ್ನ ಶರ್ಟಲ್ವ?" ಎಂದು ಕೂಗಿದರು. ಹಿಂದಿನ ಕೋಣೆಯಲ್ಲಿ ಪ್ಯಾಂಟಿಗೆ ಇಸ್ತ್ರಿ ಹಾಕುತ್ತಿದ್ದ ಪಾಸಣ್ಣ ಇಸ್ತ್ರಿಪೆಟ್ಟಿಗೆ ಎತ್ತಿಟ್ಟು ಹೋಗಿ ನೋಡಿದ.

ಸಿಟಿ ಬಸ್ಸಿನ ಪಾಸು ಕೊಡುವ ಕಿಂಡಿಯ ಹಿಂದೆ ಕೂತು ಕೂತು, ಹೆತ್ತವರು ಇಟ್ಟ ಹೆಸರು ಅಳಿಸಿಹೋಗಿ ಅವನಿಗೆ ಪಾಸಣ್ಣ ಎಂಬುದೊಂದೇ ಉಳಿದಿತ್ತು. ಮದುವೆಯಾಗಿರಲಿಲ್ಲ. ಯಾಕಾಗಲಿಲ್ಲ ಎಂದು ಕೇಳಿದವರಿಗೆ ‘ರಜೆ ಸಿಗಲಿಲ್ಲ’ ಎನ್ನುತ್ತಿದ್ದ. ಅಕ್ಕ-ಭಾವನ ಮನೆಯ ಹಿಂದಿನ ಕೋಣೆಯೇ ಅವನ ಸಂಸಾರ. ಭಾವ ಒಂದು ಕಾಲಕ್ಕೆ ಅವನ ರೂಮಿನ ಜೊತೆಗಾರ. ಆಗ ‘ಲೋ’ ಎನ್ನುತ್ತಿದ್ದವನಿಗೆ ಅಕ್ಕನ ಮದುವೆಯಾದ ದಿನದಿಂದ ‘ನೀವು’ ಎನ್ನಬೇಕಾಗಿ ಬಂದಿತ್ತು.

ಮೊಬೈಲಿನಲ್ಲಿ ಕಪ್ಪು ಬಿಳುಪಿನ ಫೋಟೋ ಒಂದಿತ್ತು. ಜನಜಂಗುಳಿಯ ನಡುವೆ ಒಬ್ಬ ತರುಣ. ಬಲಗೈ ಮುಷ್ಟಿ ಆಕಾಶಕ್ಕೆ. ಬಸ್ಸನ್ನೇ ನುಂಗುವಷ್ಟು ಅಗಲಕ್ಕೆ ತೆರೆದ ಬಾಯಿ. ಎತ್ತಿದ ತೋಳು ಅರ್ಧ ಮುಖವನ್ನು ಮುಚ್ಚಿತ್ತು. ಕೆಳಗೆ ಕೆಂಪಕ್ಷರದಲ್ಲಿ, ‘ಎಲ್ಲಿದ್ದೀರಿ? ಬೀದಿಗೆ ಬನ್ನಿ. ಬಸ್ ದರ ಇಳಿಸಿ. ಸಂಜೆ ದೊಡ್ಡ ಚೌಕ.’ ಸರ್ಕಾರ ಬಸ್ಸಿನ ದರ ಏರಿಸಿ ವಾರವಾಗಿತ್ತು; ಆ ಚಿತ್ರ ರಾತ್ರೋರಾತ್ರಿ ಊರಿನ ಮೊಬೈಲುಗಳನ್ನೆಲ್ಲ ಹೊಕ್ಕಿತ್ತು.

"ಜೇಬಿನ ಹತ್ರ ಶಾಯಿ ಕಲೆ ನೋಡು," ಎಂದರು ಭಾವ. "ನಿನ್ನ ಶರ್ಟೇ."

ಅಕ್ಕ ಸೌಟು ಹಿಡಿದುಕೊಂಡೇ ಬಂದು ಬಗ್ಗಿ ನೋಡಿದಳು. "ಶರ್ಟು ಯಾಕೆ ಬೇಕು, ಬಾಯಿ ನೋಡಿದ್ರೆ ಗೊತ್ತಾಗಲ್ವ? ಚಿಕ್ಕೋನಿದ್ದಾಗ ಅಳ್ತಿದ್ದದ್ದೂ ಹೀಗೇ."

 ಪಾಸಣ್ಣನ ಕಣ್ಣು ಚಿತ್ರದ ಎಡಗಡೆಯ ಅಂಚಿನಲ್ಲಿದ್ದ ಕಪ್ಪು ಪಟ್ಟಿಯೊಂದರ ಮೇಲೆ ನೆಟ್ಟಿತ್ತು. ಅದು ಬಸ್ಸಿನ ಕಿಟಕಿಯ ಸರಳು. ಅಂದರೆ ಈ ಫೋಟೋ ತೆಗೆದವರು ಬಸ್ಸಿನ ಒಳಗಿದ್ದರು. ಅವನು ಬಚ್ಚಲಿನ ಬಾಗಿಲ ಚೌಕಟ್ಟು ಹಿಡಿದುಕೊಂಡ.

ಸುಮಾರು ಮೂವತ್ತು ವರ್ಷದ ಹಿಂದೆ, ಬಸ್ ಸ್ಟ್ಯಾಂಡಿನ ಎದುರಿಗಿದ್ದ ಫೋಟೋ ಸ್ಟುಡಿಯೋದಲ್ಲಿ ಒಬ್ಬ ಹುಡುಗಿ ಕೆಲಸಕ್ಕಿದ್ದಳು. ‘ಗಲ್ಲ ಸ್ವಲ್ಪ ಕೆಳಗೆ’ ಎಂದು ಅವಳು ಹೇಳುವುದನ್ನು ಕೇಳಲಿಕ್ಕೆಂದೇ ಪಾಸಣ್ಣ ವಾರಾ ವಾರಾ ಹೋಗಿ ತನ್ನ ಪಾಸ್‌ಪೋರ್ಟ್ ಅಳತೆಯ ಫೋಟೋ ತೆಗೆಸಿಕೊಳ್ಳುತ್ತಿದ್ದ. ಆ ವರ್ಷ ತೆಗೆಸಿದ ಫೋಟೋಗಳಲ್ಲಿ ಇಡೀ ಡಿಪೋಗೆ ಪಾಸು ಮಾಡಿಕೊಡಬಹುದಿತ್ತು. ಮಾತು ಮಾತ್ರ ಗಲ್ಲದಿಂದ ಮುಂದಕ್ಕೆ ಹೋಗಲಿಲ್ಲ. ಕೊನೆಗೆ ಅವಳು ಬೇರೆ ಊರಿಗೆ ಹೊರಟಳೆಂದು ತಿಳಿದು, ರೂಮಿನ ಜೊತೆಗಾರನನ್ನು ಯಾಕೆಂದೂ ಹೇಳದೆ ಎಳೆದುಕೊಂಡು ಬಸ್ ಸ್ಟ್ಯಾಂಡಿಗೆ ಓಡಿದ. ಅವತ್ತೂ ದರ ಏರಿಕೆಯ ಮೆರವಣಿಗೆ. ಬಸ್ಸು ಆ ಕಡೆ, ಇವರು ಈ ಕಡೆ, ನಡುವೆ ಹೊಳೆಯಂತೆ ಜನ. ಕೈಯೆತ್ತಿ ಗಂಟಲು ಹರಿಯುವಂತೆ ಕೂಗಿದ. ಬಸ್ಸು ಹೋಗಿಬಿಟ್ಟಿತು. ಅವಳು ತಿರುಗಿ ನೋಡಲಿಲ್ಲ ಎಂದೇ ಅವನು ಇಷ್ಟು ವರ್ಷ ನಂಬಿದ್ದ.

ಅಂದಿನಿಂದ ದಿನಕ್ಕೆ ನೂರಾರು ಮುಖಗಳು ಅವನ ಕಿಂಡಿಯ ಮುಂದೆ ಬಂದು ಹೋದವು. ಅರ್ಜಿಗೆ ಅಂಟಿಸಿದ ಒಂದೊಂದು ಫೋಟೋವನ್ನೂ ಅವನು ಅಗತ್ಯಕ್ಕಿಂತ ಒಂದು ಗಳಿಗೆ ಹೆಚ್ಚು ನೋಡುತ್ತಿದ್ದ. ಪಾಸಣ್ಣ ಬಹಳ ಕಟ್ಟುನಿಟ್ಟು ಎಂದು ಜನ ಮಾತಾಡಿಕೊಳ್ಳುತ್ತಿದ್ದರು.

ಅಷ್ಟರಲ್ಲಿ ಎದುರುಮನೆಯ ಟೀಚರಮ್ಮ ಚಪ್ಪಲಿ ಬಿಡುವುದಕ್ಕೂ ಪುರುಸೊತ್ತಿಲ್ಲದೆ ಒಳಗೆ ಬಂದರು. ನಿವೃತ್ತಿಯಾದ ಮೇಲೆ ಅವರು ಬೀದಿಯ ವಾಟ್ಸಾಪ್ ಗುಂಪಿನ ಯಜಮಾನಿಕೆ ವಹಿಸಿಕೊಂಡಿದ್ದರು. ಮಕ್ಕಳ ಹಾಜರಿ ತೆಗೆದುಕೊಂಡಷ್ಟೇ ನಿಷ್ಠೆಯಿಂದ ಬೀದಿಯ ಸುದ್ದಿ ತೆಗೆದುಕೊಳ್ಳುತ್ತಿದ್ದರು.

"ನೀನೇ ಅಲ್ವೇನೋ ಇದು? ನಂಗೊತ್ತಿತ್ತು, ಸುಮ್ಮನಿರೋರೇ ಹೀಗಿರೋದು," ಎಂದರು. "ಇದನ್ನ ಮೊದಲು ಹಾಕಿದ್ದು ಈ ಚಳವಳಿ ಹುಡುಗ್ರಲ್ಲ. ಹಳೇ ಫೋಟೋಗಳ ಗುಂಪೊಂದಿದೆ, ಅಲ್ಲಿ ಯಾರೋ ಹೆಂಗಸು ಹಾಕಿದ್ದಾರೆ. ಅವರು ಬರೆದಿದ್ದು ಬರೀ ‘ಎಲ್ಲಿದ್ದೀರಿ?’ ಅಂತ. ಬೀದಿಗೆ ಬನ್ನಿ ಅನ್ನೋದು ಇವರು ಅಂಟಿಸಿದ್ದು."

ಪಾಸಣ್ಣ ಅವರ ಮೊಬೈಲು ಇಸಿದುಕೊಂಡು ನೋಡಿದ. ಹಾಕಿದವರ ಹೆಸರಿನ ಜಾಗದಲ್ಲಿ ಎರಡು ಅಕ್ಷರ, ಮುಖದ ಜಾಗದಲ್ಲಿ ಕಳ್ಳಿಗಿಡದ ಕುಂಡ. ಕೆಳಗೆ ಒಂದೇ ಸಾಲು: ಎಲ್ಲಿದ್ದೀರಿ?

ಅವನು ತನ್ನ ಕೋಣೆಗೆ ಹೋಗಿ, ಮಂಚದ ಮೇಲೆ ಕೂತು, ಮೊಬೈಲು ಕೊಂಡ ಮೇಲೆ ಮೊಟ್ಟಮೊದಲ ಕಾಮೆಂಟು ಬರೆದ. ‘ಇಲ್ಲೇ ಇದ್ದೀನಿ.’  ಕಾಮೆಂಟು ಮುನ್ನೂರು ಜನರ ಬೈಗುಳ, ಹೂವಿನ ಚಿತ್ರ, ಸಾಲ ಕೊಡುವವರ ಜಾಹೀರಾತುಗಳ ನಡುವೆ ಎಲ್ಲೋ ಹೋಗಿ ಬಿತ್ತು. ಅವನು ಆ ಕಡೆ ಬಸ್ಸು ಹತ್ತುವ ಹೊತ್ತಿಗೆ ಈ ಕಡೆ ಟೀಚರಮ್ಮ ಬೀದಿಯ ಗುಂಪಿನಲ್ಲಿ ‘ಈ ವೀರ ನಮ್ಮ ಬೀದಿಯವನೇ, ಪಾಸ್ ಆಫೀಸಿನಲ್ಲಿದ್ದಾನೆ’ ಎಂದು ವಿಳಾಸ ಸಮೇತ ಹಾಕಿಯಾಗಿತ್ತು.

ಆಫೀಸಿನ ಮುಂದೆ ಎಂದೂ ಇಲ್ಲದ ಸಾಲು. ಪಾಸಿಗಲ್ಲ, ಸೆಲ್ಫಿಗೆ. ಕಿಂಡಿಯ ತೂತಿನಲ್ಲಿ ಅವನ ಮುಖ ಸರಿಯಾಗಿ ಬರುವುದಿಲ್ಲವೆಂದು ಒಬ್ಬ ಹುಡುಗಿ, "ಅಂಕಲ್, ಸ್ವಲ್ಪ ಮುಂದೆ ಬನ್ನಿ," ಎಂದಳು. ಅವನು ಮುಂದೆ ಬಗ್ಗಿದ್ದೇ ತಲೆ ಕಿಂಡಿಗೆ ಸಿಕ್ಕಿಕೊಂಡಿತು. ಹಿಂದಿನಿಂದ ಇಬ್ಬರು ಗುಮಾಸ್ತರು ಸೊಂಟ ಹಿಡಿದು ಎಳೆಯುತ್ತಿರುವಾಗ ಸೂಪರಿಂಟೆಂಡೆಂಟರು ಬಾಗಿಲಲ್ಲಿ ನಿಂತಿದ್ದರು.

"ಒಳಗೆ ಬನ್ರಿ," ಎಂದರು.

ಅವರ ಮೇಜಿನ ಮೇಲೂ ಅದೇ ಫೋಟೋ.

"ದರ ಏರಿಸಿದ್ದು ಯಾರು?"

"ನಾವೇ ಸರ್."

"ಅದರ ವಿರುದ್ಧ ಊರನ್ನ ಎಬ್ಬಿಸ್ತಿರೋರು ಯಾರು?"

ಪಾಸಣ್ಣ ಫೋಟೋವನ್ನು ತನ್ನ ಕಡೆಗೆ ತಿರುಗಿಸಿಕೊಂಡ.

ಸೂಪರಿಂಟೆಂಡೆಂಟರು ದನಿ ತಗ್ಗಿಸಿದರು. ಮನುಷ್ಯ ಕೆಟ್ಟವರಲ್ಲ. "ನೋಡಿ, ಮೇಲಿಂದ ಮೇಲೆ ಫೋನ್ ಬರ್ತಿದೆ. ಮುಖ ಅರ್ಧ ಕಾಣ್ತಿಲ್ಲ, ಅದು ನಮ್ಮ ಅದೃಷ್ಟ. ‘ಇದು ನಾನಲ್ಲ’ ಅಂತ ಎರಡು ಮಾತು ಹೇಳಿ. ನಾನೇ ವಿಡಿಯೋ ತೆಗೀತೀನಿ. ಹಾಕಿಬಿಡೋಣ, ಮುಗೀತು."

ಎರಡು ಮಾತು. ನೌಕರಿಯುದ್ದಕ್ಕೂ ಮೇಲಿನವರು ಹೇಳಿದ್ದಕ್ಕೆ ಆಗಲಿ ಸರ್ ಎಂದವನಿಗೆ ಅದೇನು ದೊಡ್ಡದಲ್ಲ. ಆದರೆ ವಿಡಿಯೋ ಊರೆಲ್ಲ ಸುತ್ತುತ್ತದೆ. ಎಲ್ಲಿದ್ದೀರಿ ಎಂದು ಕೇಳಿದವಳ ಕೈಗೂ ಹೋಗುತ್ತದೆ. ಇಷ್ಟು ವರ್ಷದ ಮೇಲೆ ಒಂದು ಮಾತು ಕೇಳಿದವಳಿಗೆ ನಾನಲ್ಲ ಎಂದು ಉತ್ತರ ಕೊಡುವುದೆ? ಅಷ್ಟರಲ್ಲಿ ಜೇಬಿನಲ್ಲಿ ಮೊಬೈಲು ಗುಂಯ್‌ಗುಟ್ಟಿತು. ಕದ್ದು ನೋಡಿದ. ಕಳ್ಳಿಗಿಡದ ಕುಂಡ. ‘ಸಂಜೆ ಚೌಕಕ್ಕೆ ಬರ್ತೀನಿ. ಬರ್ತೀರಲ್ಲ?’

"ಸರ್," ಎಂದ ಪಾಸಣ್ಣ, "ಇದು ನಾನೇ."

"ಯೋಚನೆ ಮಾಡಿ ಹೇಳಿ."

"ನಾನೇ ಸರ್. ಶರ್ಟು ಕೂಡ ನಂದೇ."

ಮಧ್ಯಾಹ್ನದ ಊಟಕ್ಕೆ ಮುಂಚೆ ಅವನು ಸಸ್ಪೆಂಡಾಗಿ ಬೀದಿಯಲ್ಲಿದ್ದ. ಬೀದಿಗೆ ಬಂದವನನ್ನು ಚಳವಳಿಯವರು ಕೈಬಿಡುತ್ತಾರೆಯೆ? ಕಾನೂನು ಓದುತ್ತಿದ್ದ, ಎಲ್ಲರೂ ಲಾಯರಮ್ಮ ಎನ್ನುತ್ತಿದ್ದ ಗಟ್ಟಿ ಗಂಟಲಿನ ಹುಡುಗಿಯೊಬ್ಬಳು ಅವರ ಮುಂದಾಳು. ಅವಳು ಸ್ಕೂಟರ್ ತಂದು ಅವನೆದುರಿಗೇ ನಿಲ್ಲಿಸಿದಳು.

"ಹತ್ತಿ ಸರ್. ಸಸ್ಪೆಂಡ್ ಆರ್ಡರ್ ಇದೆಯಾ ಕೈಲಿ? ಚೆನ್ನಾಗಿ ಹಿಡ್ಕೊಳ್ಳಿ, ಒಂದು ಫೋಟೋ."

ದೊಡ್ಡ ಚೌಕ ಸಂಜೆಗೆ ತುಂಬಿ ತುಳುಕುತ್ತಿತ್ತು. ಅರ್ಧ ಜನ ಘೋಷಣೆ ಕೂಗುತ್ತಿದ್ದರು, ಅರ್ಧ ಜನ ಕೂಗುವವರನ್ನು ಮೊಬೈಲಿನಲ್ಲಿ ಹಿಡಿಯುತ್ತಿದ್ದರು, ಸ್ವಲ್ಪ ಹೊತ್ತಾದ ಮೇಲೆ ಕೆಲಸ ಅದಲುಬದಲು ಮಾಡಿಕೊಳ್ಳುತ್ತಿದ್ದರು. ಅವನ ತೆರೆದ ಬಾಯಿ ಬಾಗಿಲಷ್ಟು ದೊಡ್ಡದಾಗಿ ಬಟ್ಟೆಯ ಮೇಲೆ ಮುದ್ರಣವಾಗಿ ನಾಲ್ಕೂ ದಿಕ್ಕಿಗೆ ಹಾರಾಡುತ್ತಿತ್ತು. ಅವನನ್ನು ಒಂದು ಲಾರಿಯ ಮೇಲೆ ಹತ್ತಿಸಿದರು. ಪಾಸಣ್ಣನಿಗೆ ಅದು ಬೇಕಾಗಿಯೇ ಇತ್ತು. ಎತ್ತರದಿಂದ ಎಲ್ಲರ ಮುಖವೂ ಕಾಣುತ್ತದೆ. ಅವನು ಒಂದು ತುದಿಯಿಂದ ಹೆಂಗಸರ ಮುಖಗಳನ್ನು ನೋಡುತ್ತ ಬಂದ. ಕನ್ನಡಕದವರು, ನರೆಗೂದಲಿನವರು, ಮಗುವನ್ನು ಎತ್ತಿಕೊಂಡವರು. ಇವರಲ್ಲಿ ಯಾರು? ಮೂವತ್ತು ವರ್ಷದಲ್ಲಿ ಒಂದು ಮುಖ ಎಲ್ಲಿಗೆ ಹೋಗಿ ನಿಲ್ಲುತ್ತದೆಂದು ಅವನಿಗೆ ತಿಳಿಯದು. ಅವನ ಕಣ್ಣಲ್ಲಿದ್ದದ್ದು ಜಡೆ ಮುಂದಕ್ಕೆ ಹಾಕಿಕೊಂಡು ಕ್ಯಾಮೆರಾದ ಹಿಂದಿನಿಂದ ಇಣುಕುವ ಹುಡುಗಿ ಮಾತ್ರ.

"ಸರ್, ಲೈವ್‌ನಲ್ಲಿ ಜನ ಮುಷ್ಟಿ ಕೇಳ್ತಿದ್ದಾರೆ," ಎಂದಳು ಲಾಯರಮ್ಮ. "ಫೋಟೋದಲ್ಲಿದ್ದ ಹಾಗೇ ಕೈ ಎತ್ತಿ."

ಪಾಸಣ್ಣ ಎತ್ತಿದ. ಹೋದ ವರ್ಷದಿಂದ ಹಿಡಿದುಕೊಂಡಿದ್ದ ಭುಜ ಕಿವಿಯ ಮಟ್ಟಕ್ಕೆ ಬಂದು ನಿಂತಿತು. ಕಿವಿ ಕೆರೆದುಕೊಳ್ಳುತ್ತಿದ್ದಾನೋ ಎಂಬಂತಾಯಿತು.

"ಇನ್ನೂ ಮೇಲೆ ಅಂತಿದ್ದಾರೆ."

"ಇದಕ್ಕಿಂತ ಹೋಗಲ್ಲಮ್ಮ."

ಇಬ್ಬರು ಯುವಕರು ಬಂದು ಮೊಣಕೈ ಹಿಡಿದು ಮೇಲಕ್ಕೆ ಒತ್ತಿದರು. ನೋವಿಗೆ ಪಾಸಣ್ಣನ ಬಾಯಿ ತಾನಾಗಿ ತೆರೆಯಿತು. ಚೌಕವೇ ಹೋ ಎಂದಿತು. ಲೈವಿನಲ್ಲಿ ಒಬ್ಬ ‘ಥೇಟ್ ಅದೇ ಬಾಯಿ’ ಎಂದೂ ಇನ್ನೊಬ್ಬ ‘ಆಗ ಕೂದಲಿತ್ತು’ ಎಂದೂ ಬರೆದು, ಅವರಿಬ್ಬರ ನಡುವೆ ಬೇರೆಯೇ ಜಗಳ ಶುರುವಾಯಿತು.

ಆಮೇಲೆ ಮೈಕು ಕೈಗೆ ಬಂತು. ದರದ ಬಗ್ಗೆ ಹೇಳಬೇಕಿತ್ತು. ಲಾಯರಮ್ಮ ಕಿವಿಯಲ್ಲಿ ಎರಡು ವಾಕ್ಯ ಊದಿಯೂ ಇದ್ದಳು. ಆದರೆ ಅಷ್ಟು ಮುಖಗಳ ಮುಂದೆ ನಿಂತಾಗ ಅವನಿಗೆ ಬೇಕಾಗಿದ್ದ ಮುಖ ಒಂದೇ, ಹೇಳಬೇಕಾಗಿದ್ದ ಮಾತೂ ಒಂದೇ.

"ನಾನು ಇಲ್ಲೇ ಇದ್ದೀನಿ," ಎಂದ.  "ಇಷ್ಟು ವರ್ಷ... ಎಲ್ಲೂ ಹೋಗ್ಲಿಲ್ಲ. ಇಲ್ಲೇ ಇದ್ದೀನಿ."

 ಮರುಕ್ಷಣ ಯಾರೋ "ಇಲ್ಲೇ ಇದ್ದೀವಿ" ಎಂದು ಕೂಗಿದರು. ಇನ್ನೊಂದು ಮೂಲೆಯಿಂದ ಅದಕ್ಕೆ ಪ್ರತಿಧ್ವನಿ ಬಂತು. ಸಾವಿರ ಗಂಟಲು "ಇಲ್ಲೇ ಇದ್ದೀವಿ, ಎಲ್ಲೂ ಹೋಗಲ್ಲ" ಎಂದು ಗುಡುಗತೊಡಗಿದಾಗ ಲಾಯರಮ್ಮ ಕಣ್ಣೊರೆಸಿಕೊಳ್ಳುತ್ತ, "ಎಂಥ ಘೋಷಣೆ ಕೊಟ್ರಿ ಸರ್," ಎಂದಳು. ಅಕ್ಕನ ಫೋನು ಬಂತು: "ಟೀವಿಲಿ ಬರ್ತಿದ್ದೀಯ. ಸ್ವೆಟರ್ ಹಾಕ್ಕೊಂಡು ಹೋಗಿಲ್ವಲ್ಲೋ."

ಲಾರಿ ಇಳಿದಾಗ ಹಿಂದುಗಡೆಯ ಚಕ್ರದ ಬಳಿ ಒಬ್ಬರು ನಿಂತಿದ್ದರು. ತೆಳ್ಳಗೆ, ಬೂದುಬಣ್ಣದ ಕೂದಲನ್ನು ಕುತ್ತಿಗೆಯ ಮಟ್ಟಕ್ಕೆ ಕತ್ತರಿಸಿದ್ದರು. ತಲೆಯನ್ನು ಒಂದಿಷ್ಟು ಓರೆ ಮಾಡಿ, ಎದುರಿಗಿದ್ದವನನ್ನು ಚೌಕಟ್ಟಿನಲ್ಲಿ ಕೂರಿಸುವವರಂತೆ ನೋಡಿದರು. ಪಾಸಣ್ಣನಿಗೆ ಅರಿವಿಲ್ಲದಂತೆಯೇ ಅವನ ಗಲ್ಲ ಸ್ವಲ್ಪ ಕೆಳಗಾಯಿತು.

"ನೀವು ವಾರಾ ವಾರಾ ಫೋಟೋ ತೆಗೆಸ್ತಿದ್ದೋರಲ್ವ?" ಎಂದರು ಅವರು.

"ಹೌದು," ಎಂದ. ಹೇಳಬೇಕೆಂದು ಕೂಡಿಟ್ಟಿದ್ದ ಮಾತೆಲ್ಲ ಒಟ್ಟಿಗೆ ಬಾಗಿಲಿಗೆ ಬಂದು ಒಂದೂ ಹೊರಬರಲಿಲ್ಲ. "ಚೆನ್ನಾಗಿದ್ದೀರಾ?"

"ಇದ್ದೀನಿ. ಯಜಮಾನರು ಹೋದ ಮೇಲೆ ವಾಪಸ್ ಈ ಊರಿಗೇ ಬಂದೆ. ಪೆಟ್ಟಿಗೆ ಖಾಲಿ ಮಾಡೋವಾಗ ಈ ನೆಗೆಟಿವ್ ಸಿಕ್ತು." ಅವನ ಭುಜದ ಆಚೆ ಯಾರನ್ನೋ ಹುಡುಕುತ್ತ ಕೇಳಿದರು. "ಅವರು ಬಂದಿಲ್ವ?"

"ಯಾರು?"

"ಫೋಟೋದಲ್ಲಿರೋರು. ನಿಮ್ಮ ಫ್ರೆಂಡು."

ಪಾಸಣ್ಣನಿಗೆ ಅರ್ಥವಾಗಲಿಲ್ಲ. ಅವರು ಕೈಚೀಲದಿಂದ ಕಾಗದದ ಮೇಲೆ ಮುದ್ರಿಸಿದ ದೊಡ್ಡ ಚಿತ್ರವನ್ನು ತೆಗೆದು ಬಿಡಿಸಿದರು. "ನಾನು ನನಗೆ ಬೇಕಾದಷ್ಟನ್ನೇ ಕತ್ತರಿಸಿ ಗುಂಪಿಗೆ ಹಾಕಿದ್ದೆ. ಇದು ಪೂರ್ತಿ."

ನಡುವೆ ಚೌಕಳಿ ಶರ್ಟಿನವನು. ಬಲಗಡೆಯ ಅಂಚಿನಲ್ಲಿ ಇನ್ನೊಬ್ಬನ ಒಂದು ಭುಜ, ಒಂದು ಕಿವಿ, ಅರ್ಧ ತೆರೆದ ಬಾಯಿ, ಮತ್ತೆ ಒಂದು ಛತ್ರಿಯ ಹಿಡಿ.

"ಇದು ನೀವು," ಎಂದು ಅವರು ಆ ಕಿವಿಯ ಮೇಲೆ ಬೆರಳಿಟ್ಟರು. "ಬಿಸಿಲಿದ್ರೂ ಛತ್ರಿ ಬಿಡ್ತಿರ್ಲಿಲ್ಲವಲ್ಲ, ಜ್ಞಾಪಕ ಇದೆ."

ಹಳೇ ರೂಮಿನಲ್ಲಿ ಅವನಿಗೂ ಜೊತೆಗಾರನಿಗೂ ಸೇರಿ ಬಟ್ಟೆ ಒಣಹಾಕಲು ಇದ್ದದ್ದು ಒಂದೇ ಹಗ್ಗ. ಒಗೆದು ಹಾಕಿದ್ದರಲ್ಲಿ ಯಾರ ಕೈಗೆ ಯಾವುದು ಸಿಕ್ಕಿತೋ ಅದನ್ನು ತೊಟ್ಟು ಹೊರಡುತ್ತಿದ್ದರು. ಅದು ಪಾಸಣ್ಣನಿಗೆ ಈಗ ನೆನಪಾಯಿತು. ಲಾರಿಯ ಚಕ್ರಕ್ಕೆ ಒರಗಿಕೊಂಡ.

ಅವರು ಫೋಟೋ ನೋಡುತ್ತಲೇ ಮಾತಾಡಿದರು. "ಸ್ಟುಡಿಯೋಗೆ ಬರೋರೆಲ್ಲ ನನ್ನ ಮುಖಾನೇ ನೋಡೋರು. ಇವರೊಬ್ರು ನಿಮ್ಮ ಜೊತೆ ಬಂದು ಹೊರಗಿನ ಬೆಂಚಲ್ಲಿ ಕೂತು ಪೇಪರ್ ಓದೋರು. ಒಂದು ಸಲನೂ ಒಳಗೆ ಇಣುಕಲಿಲ್ಲ. ನನಗಾಗಿ ಬರಲಿಲ್ಲ ಅಂತ್ಲೇ ಅಂದ್ಕೊಂಡಿದ್ದೆ. ಹೊರಟ ದಿನ ನೋಡಿದ್ರೆ, ಆ ಜನದ ಮಧ್ಯೆ ನಿಂತು ಬಸ್ ಕಡೆ ಕೈಯೆತ್ತಿ ಕೂಗ್ತಿದ್ದಾರೆ. ಕ್ಯಾಮೆರಾ ಎತ್ತಿದೆ. ಇಳಿಯೋಕೆ ಧೈರ್ಯ ಆಗ್ಲಿಲ್ಲ." ತಲೆಯೆತ್ತಿದರು. "ನೀವು ಪಕ್ಕದಲ್ಲೇ ಇದ್ರಿ. ಏನಂತ ಕೂಗಿದ್ರು ಅವರು? ಆ ಗಲಾಟೇಲಿ ಬಾಯಿ ಮಾತ್ರ ಕಾಣಿಸ್ತು, ಮಾತು ಕೇಳಿಸ್ಲಿಲ್ಲ. ಎಷ್ಟು ವರ್ಷದಿಂದ ಯೋಚಿಸ್ತಿದ್ದೀನಿ ಗೊತ್ತಾ."

ಜೊತೆಗಾರ ಏನು ಕೂಗಿದನೋ ಪಾಸಣ್ಣನಿಗೆ ತಿಳಿಯದು. ತಾನು ಕೂಗಿದ್ದು ಮಾತ್ರ ಒಂದಕ್ಷರ ಮರೆತಿರಲಿಲ್ಲ.

"‘ಹೋಗ್ಬೇಡಿ’ ಅಂತ," ಎಂದ. "‘ಹೋಗ್ಬೇಡಿ, ಒಂದು ಮಾತಿದೆ’ ಅಂತ ಕೂಗಿದ."

ಅವರು ಚಿತ್ರವನ್ನು ಜೋಪಾನವಾಗಿ ಮಡಿಸಿದರು. ಚೌಕದಲ್ಲಿ ಜನ ಇನ್ನೂ ಇಲ್ಲೇ ಇದ್ದೀವಿ ಎನ್ನುತ್ತಿದ್ದರು. ತಾನು ಅಂದು ಕೂಗಿದ ಮಾತು ಕೊನೆಗೂ ಅವರಿಗೆ ಮುಟ್ಟಿತು, ಆದರೆ ಬೇರೆಯವನ ಹೆಸರಿನಲ್ಲಿ ಎಂದುಕೊಂಡ ಪಾಸಣ್ಣ.

"ಈಗ ಎಲ್ಲಿದ್ದಾರೆ?"

ನನ್ನ ಅಕ್ಕನ ಮನೆಯಲ್ಲಿದ್ದಾರೆ, ಅವಳ ಗಂಡನಾಗಿ, ಎನ್ನಬೇಕಿತ್ತು. ಬಾಯಿಗೆ ಬಂದದ್ದು ಬೇರೆ. "ಆಮೇಲೆ... ಬಿಟ್ಟುಹೋಯ್ತು. ಗೊತ್ತಿಲ್ಲ."

"ಹುಡುಕಿ ಕೊಡ್ತೀರಾ? ನಿಮಗೆ ಕೆಲಸ ಇರುತ್ತೆ, ತೊಂದರೆ ಕೊಡ್ತಿದ್ದೀನಿ."

"ಇಲ್ಲ ಇಲ್ಲ. ಇವತ್ತಿಂದ ಪೂರ್ತಿ ಬಿಡುವು."

ಅವರು ತಮ್ಮ ವಿಳಾಸ, ಮೊಬೈಲ್ ನಂಬರು ಹೇಳಿದರು. ಅಂದು ಕೇಳಬೇಕೆಂದು ಗಲ್ಲ ತಗ್ಗಿಸಿಕೊಂಡು ಕೂತಿದ್ದ ವಿಳಾಸ, ಮೂವತ್ತು ವರ್ಷದ ಮೇಲೆ, ಇನ್ನೊಬ್ಬನನ್ನು ಹುಡುಕಿಕೊಡುವ ಕರಾರಿನ ಮೇಲೆ ಅವನ ಕೈ ಸೇರಿತು.

ಮನೆಗೆ ಬಂದಾಗ ಅಕ್ಕ ಅಡುಗೆಮನೆಯಲ್ಲಿದ್ದಳು. ಭಾವ ಹಾಲಿನಲ್ಲಿ ಬೆತ್ತದ ಕುರ್ಚಿಯಲ್ಲಿ ಕಾಲು ಚಾಚಿಕೊಂಡು ಟೀವಿ ನೋಡುತ್ತ, ಈ ಚಳವಳಿಯವರಿಗೆ ಬೇರೆ ಕೆಲಸವಿಲ್ಲ ಎಂದು ಗೊಣಗುತ್ತಿದ್ದರು. ಪಾಸಣ್ಣ ಅವರ ಮುಂದೆ ಆ ದೊಡ್ಡ ಚಿತ್ರದ ಫೋಟೋವನ್ನು ಹಿಡಿದ. ಚಿತ್ರ ತೆಗೆದವರಿಂದ ಕೇಳಿ ಮೊಬೈಲಿಗೆ ಹಾಕಿಸಿಕೊಂಡು ಬಂದಿದ್ದ.

"ಭಾವ, ಇದು ನೀವು."

ಭಾವ ಕನ್ನಡಕ ಸರಿಮಾಡಿಕೊಂಡು ನೋಡಿದರು. ಹತ್ತಿರಕ್ಕೆ ತಂದರು, ದೂರಕ್ಕೆ ಹಿಡಿದರು. "ಅಯ್ಯೋ ಹೌದಲ್ಲಯ್ಯ."

"ಯಾರನ್ನ ಕೂಗ್ತಿದ್ರಿ ಅವತ್ತು?" ಕೇಳುವಾಗ ಪಾಸಣ್ಣನ ದನಿ ಗಟ್ಟಿಯಾಗಿತ್ತು. ಸ್ನೇಹಿತನಾಗಿಯೂ, ಅಕ್ಕನ ತಮ್ಮನಾಗಿಯೂ ಅವನು ಕೇಳುತ್ತಿದ್ದ.

"ಯಾರನ್ನ? ನಿನ್ನನ್ನೇ. ಆ ಛತ್ರಿ ತುದೀನ ನೀನು ನನ್ನ ಹೆಬ್ಬೆರಳ ಮೇಲೆ ಊರಿ ಅದರ ಮೇಲೆ ಭಾರ ಬಿಟ್ಟು ನಿಂತಿದ್ದೆ. ಅಪ್ಪಾ ಅಂತ ಕೂಗ್ಕೊಂಡೆ. ಹೊಡೀಬೇಕು ಅಂತ ಕೈಯೂ ಎತ್ತಿದ್ದೆ, ನೋಡು. ನಿನಗೆಲ್ಲಿ ಕೇಳ್ಬೇಕು, ನೀನು ಆ ಬಸ್ ನೋಡ್ಕೊಂಡು ಒದರ್ತಿದ್ದೆ." ಬಲಗಾಲಿನ ಹೆಬ್ಬೆರಳನ್ನು ಟೀವಿಯ ಬೆಳಕಿಗೆ ತಿರುಗಿಸಿದರು. "ಉಗುರು ಇವತ್ತಿಗೂ ನೆಟ್ಟಗೆ ಬರಲ್ಲ. ಅದ್ಸರಿ, ಆ ಬಸ್ಸಲ್ಲಿ ಯಾರಿದ್ರು?"

"ಯಾರೂ ಇಲ್ಲ," ಎಂದ ಪಾಸಣ್ಣ. ಅವರ ಎದುರಿನ ಕುರ್ಚಿಯಲ್ಲಿ ಕೂತ.

ಹೇಳಿಬಿಡಬಹುದು. ಒಂದು ಮೆಸೇಜು ಸಾಕು. ಒಬ್ಬರು ಮೂವತ್ತು ವರ್ಷ ಎದೆಯಲ್ಲಿಟ್ಟುಕೊಂಡ ಕೂಗು ಒಂದು ಹೆಬ್ಬೆರಳಿನದೆಂದು ಬರೆಯಬೇಕು, ಅಷ್ಟೆ. ಬರೆದ. ಅಳಿಸಿದ. ಮತ್ತೆ ಬರೆದ, ಮತ್ತೆ ಅಳಿಸಿದ. ಆಗ ಅವರದೇ ಮೆಸೇಜು ಬಂತು. ‘ಮನೆ ಮುಟ್ಟಿದಿರಾ? ಇವತ್ತು ಮನಸ್ಸು ಹಗುರವಾಯಿತು. ಹೋಗ್ಬೇಡಿ ಅಂದಿದ್ದರು ಅನ್ನೋದೇ ಸಾಕು.’

ಪಾಸಣ್ಣ ಅದನ್ನು ಎರಡು ಸಲ ಓದಿದ. ಆಮೇಲೆ, ‘ಹುಡುಕ್ತೀನಿ. ನಾಳೆ ನಮ್ಮ ಹಳೇ ರೂಮಿನ ಕಡೆ ವಿಚಾರಿಸ್ತೀನಿ’ ಎಂದು ಬರೆದ.

ಉತ್ತರ ಕೂಡಲೇ ಬಂತು. ‘ನಾನೂ ಜೊತೆಗೆ ಬರಲಾ? ಇಬ್ಬರು ಹುಡುಕಿದ್ರೆ ಬೇಗ ಸಿಗಬಹುದು.’

ಅವನ ಮುಖ ನೋಡಿ ಭಾವನಿಗೆ ಕುತೂಹಲವಾಯಿತು. ಟೀವಿಯ ಸದ್ದು ತಗ್ಗಿಸಿ, "ಯಾರದಯ್ಯ ಮೆಸೇಜು?" ಎಂದರು.

"ಹಳೇ ಪರಿಚಯದೋರು. ಯಾರನ್ನೋ ಹುಡುಕ್ತಿದ್ದಾರೆ. ಸಹಾಯ ಮಾಡು ಅಂತಾರೆ."

"ಮಾಡು, ಮಾಡು. ಹೇಗೂ ಕೆಲಸ ಇಲ್ಲ. ಸಿಗ್ತಾನಾ?"

ಪಾಸಣ್ಣ ಭಾವನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನಿಧಾನವಾಗಿ ನೋಡಿದ.

"ಬೇಗ ಸಿಗೋ ಹಾಗೆ ಕಾಣಲ್ಲ ಭಾವ," ಎಂದ.